ಹಣಕ್ಕೆ ತಕ್ಕ ಮಾಲು: ಇಟಲಿಯ ಬಾರ್ಬರೆಸ್ಕೋ ಊರಿನ ದ್ರಾಕ್ಷಿ ಒಕ್ಕಲಿಗರು

ಜೋಳವನ್ನು ಹಗೇವಿನಲ್ಲಿಟ್ಟು ಒಳ್ಳೆಯ ಧಾರಣೆ ಬರುವ ತನಕ ಕಾಯಬಹುದು. ಕಡಲೆಯನ್ನು ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಡಬಹುದು. ಆದರೆ ಕೊಯ್ದ ದ್ರಾಕ್ಷಿ ಯಾರಿಗಾಗಿಯೂ ಕಾಯುವದಿಲ್ಲ. ಮುಂಜಾನೆ ಕೊಯ್ದ ಗೊಂಚಲು ಸಂಜೆಗೆ ಬಾಡುವದು, ಮೂರನೆಯ ದಿನಕ್ಕೆ ಕೊಳೆಯಲಾರಂಭಿಸುವದು. ಈ ಸಂಗತಿ ಒಕ್ಕಲಿಗನಿಗೆ ಎಷ್ಟು ಗೊತ್ತೋ ಪೇಟೆಯ ದಲಾಲಿಗೂ ಅಷ್ಟೇ ಗೊತ್ತು. ಆದ್ದರಿಂದಲೇ ದ್ರಾಕ್ಷಿ ಬೆಳೆಯುವ ಯಾವ ದೇಶಕ್ಕೆ ಹೋದರೂ ಬೆಳೆದವನ ಕೈ ಕೆಳಗೆ, ಕೊಂಡವನ ಕೈ ಮೇಲೆ. ಈ ಕೈಯನ್ನು ಸರಿಗಟ್ಟಲು ಜನರು ಕಂಡುಕೊಂಡ ಉಪಾಯಗಳು ಎರಡೇ. ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುವದು ಒಂದು. ಅದರ ರಸವನ್ನು ಹುಳಿಸಿ ವೈನ್ ಮಾಡಿ ಇಡುವದು ಇನ್ನೊಂದು. ಸೊಲ್ಲಾಪುರ, ಜತ್ತ, ತಾಸಗಾಂವ ಬದಿಯ ನಮ್ಮ ಒಕ್ಕಲಿಗರು ಮೊದಲನೆಯ ದಾರಿ ಹಿಡಿದರು. ಇಟಲಿಯವರು ಸಾವಿರಾರು ವರ್ಷಗಳಿಂದ ಎರಡನೆಯ ದಾರಿಯಲ್ಲಿ ನಡೆದಿರುವರು.

ಇಟಲಿಯ ಕೆಂಪು ವೈನುಗಳಲ್ಲಿ ಹಳೆಯ ಪದ್ಧತಿಯದೂ ಆಗಿರಬೇಕು, ರುಚಿಯೂ ಇರಬೇಕು, ಬೆಲೆಯೂ ಕೈಗೆ ನಿಲುಕಬೇಕು ಎಂದು ಹುಡುಕುವ ಗಿರಾಕಿಗಳು ಜಗತ್ತಿನ ತುಂಬ ಇದ್ದಾರೆ. ಅವರ ಹುಡುಕಾಟ ಅನೇಕ ಸಲ ಹೋಗಿ ನಿಲ್ಲುವದು ಒಂದು ಸಣ್ಣ ಊರಿನ ಸಹಕಾರಿ ಸಂಘದ ಬಾಗಿಲಲ್ಲಿ. ಆ ಊರಿನ ಹೆಸರು ಬಾರ್ಬರೆಸ್ಕೋ. ದೊಡ್ಡ ಭಾಂಡವಲಿನ ಕಂಪನಿಯಲ್ಲ, ತುಂಡು ತುಂಡು ತೋಟವುಳ್ಳ ಒಕ್ಕಲಿಗರು ಕೂಡಿ ಮಾಡಿದ ಮಾಲು ಹಣಕ್ಕೆ ತಕ್ಕ ಮಾಲು ಎಂದು ಹೆಸರು ಪಡೆದದ್ದು ಹೇಗೆ ಎಂಬುದನ್ನು ನಮ್ಮ ವಾಚಕರಿಗೆ ತಿಳಿಸಬೇಕೆಂದು ಈ ಲೇಖನ ಬರೆದಿದ್ದೇವೆ. ಕುಡಿತದ ಪ್ರಚಾರ ನಮ್ಮ ಉದ್ದೇಶವಲ್ಲ. ಮದ್ಯವು ಅಲ್ಪವಾದರೂ ದೇಹಕ್ಕೆ ಪೂರ್ಣ ನಿರಪಾಯವೆನ್ನಲು ಬಾರದೆಂದು ಜಾಗತಿಕ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ವಾಚಕರು ಕುಡಿಯುವವರಿರಲಿ ಬಿಡುವವರಿರಲಿ, ದ್ರಾಕ್ಷಿ ಬೆಳೆದವನ ಪಾಲು ಎಷ್ಟು ಎಂಬ ಪ್ರಶ್ನೆ ಎಲ್ಲ ಒಕ್ಕಲಿಗರದು.

ಊರು ಮತ್ತು ಬಳ್ಳಿ

ಇಟಲಿಯ ವಾಯವ್ಯ ಮೂಲೆಯಲ್ಲಿ ಪಿಯೆಮೊಂತೆ ಎಂಬ ಪ್ರಾಂತವಿದೆ. ಆ ಹೆಸರಿನ ಅರ್ಥವೇ 'ಬೆಟ್ಟದ ಅಡಿ' ಎಂದು. ಉತ್ತರಕ್ಕೂ ಪಶ್ಚಿಮಕ್ಕೂ ಹಿಮ ಹೊದ್ದ ಆಲ್ಪ್ಸ್ ಪರ್ವತ, ನಡುವೆ ಗುಡ್ಡಗಳ ಸಾಲು. ಲಾಂಗೆ ಎಂಬ ಗುಡ್ಡಗಾಡಿನ ಅಂಚಿನಲ್ಲಿ ತಾನಾರೋ ನದಿ ಹರಿಯುವದು. ಅದರ ದಂಡೆಯಲ್ಲಿ ಆಲ್ಬಾ ಎಂಬ ಪೇಟೆ, ಅಲ್ಲಿಂದ ಕೆಲವು ಮೈಲಿ ದೂರದಲ್ಲಿ ಗುಡ್ಡದ ನೆತ್ತಿಯ ಮೇಲೆ ಬಾರ್ಬರೆಸ್ಕೋ. ಒಂದು ಹಳೆಯ ಗೋಪುರ, ಒಂದು ಕೋಟೆಮನೆ, ಒಂದು ಇಗರ್ಜಿ, ಒಂದು ಚೌಕ. ಇಷ್ಟರಲ್ಲಿ ಊರು ಮುಗಿಯಿತು. ಗುಡ್ಡದ ಇಳಿಜಾರಿನ ಮೇಲೆಲ್ಲ ದ್ರಾಕ್ಷಿಯ ಸಾಲುಗಳು. ಈ ಸೀಮೆಯ ದ್ರಾಕ್ಷಿ ತೋಟಗಳ ಭೂಮಿಯನ್ನು 2014ರಲ್ಲಿ ಯುನೆಸ್ಕೋ ಸಂಸ್ಥೆಯು ಜಗತ್ತಿನ ಪರಂಪರೆಯ ತಾಣವೆಂದು ಪಟ್ಟಿಗೆ ಸೇರಿಸಿತು.

ಇಲ್ಲಿನ ಬಳ್ಳಿಯ ಜಾತಿ ನೆಬ್ಬಿಯೋಲೋ. ಆ ಭಾಷೆಯಲ್ಲಿ 'ನೆಬ್ಬಿಯಾ' ಎಂದರೆ ಮಂಜು; ಅದರಿಂದಲೇ ಈ ಹೆಸರು ಬಂದಿರಬೇಕೆಂದು ಹೇಳುವರು. ಇದು ಬೇಗ ಚಿಗುರಿ ತಡವಾಗಿ ಹಣ್ಣಾಗುವ ಜಾತಿ. ಅಕ್ಟೋಬರದಲ್ಲಿ ಗುಡ್ಡಗಳ ಸಂದಿಯಲ್ಲಿ ಮಂಜು ತುಂಬಿದಾಗ ಇದರ ಕೊಯ್ಲು. ನಮ್ಮ ಬದಿಯಲ್ಲಿ ಹಣ್ಣಿಗಾಗಿ ಅಕ್ಟೋಬರ ಚಾಟಣಿ ಹಿಡಿಯುವ ದಿನಗಳಲ್ಲಿ ಅಲ್ಲಿಯವರು ಬುಟ್ಟಿ ಹಿಡಿದು ಗೊಂಚಲು ಕೊಯ್ಯುತ್ತಿರುವರು. ನಾವು ವರ್ಷಕ್ಕೆ ಎರಡು ಸಲ ಬಳ್ಳಿ ಕಡಿಯುವೆವು. ಅಲ್ಲಿ ಚಳಿಗಾಲವೆಲ್ಲ ಬಳ್ಳಿ ಎಲೆ ಉದುರಿಸಿ ನಿದ್ರೆ ಮಾಡುವದರಿಂದ ಒಂದೇ ಕಡಿತ.

ನೆಬ್ಬಿಯೋಲೋ ಎಲ್ಲ ಕಡೆಗೂ ಬರುವ ಜಾತಿಯಲ್ಲ. ಸುಣ್ಣ ಬೆರೆತ ಜೇಡಿಮಣ್ಣು ಬೇಕು, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬೇಕು. ಚಳಿಗಾಲದಲ್ಲಿ ಯಾವ ಇಳಿಜಾರಿನ ಹಿಮ ಮೊದಲು ಕರಗುವದೋ ಅದೇ ಒಳ್ಳೆಯ ಹೊಲವೆಂದು ಹಿರಿಯರು ಗುರುತಿಡುತ್ತಿದ್ದರು. ಅಂಥ ಬಿಸಿಲಹೊಲಕ್ಕೆ ಅಲ್ಲಿನ ಆಡುಮಾತಿನಲ್ಲಿ 'ಸೋರಿ' ಎನ್ನುವರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೇರಿಕೆಯಿಂದ ಬಂದ ಫಿಲೊಕ್ಸೆರಾ ಎಂಬ ಬೇರುಹೇನು ಯುರೋಪಿನ ದ್ರಾಕ್ಷಿಯನ್ನೆಲ್ಲ ಹಾಳು ಮಾಡಿತು. ಅಂದಿನಿಂದ ಅಲ್ಲಿ ಅಮೇರಿಕೆಯ ಕಾಡುಬಳ್ಳಿಯ ಬೇರಿನ ಮೇಲೆ ತಮ್ಮ ಬಳ್ಳಿಯ ಕಸಿ ಕಟ್ಟುವದೇ ರೂಢಿಯಾಯಿತು. ನಮ್ಮ ಬದಿಯಲ್ಲಿ ಉಪ್ಪುನೀರಿಗೂ ಬರಗಾಲಕ್ಕೂ ತಡೆಯಲೆಂದು ಡಾಗ್ರಿಜ್ ಬೇರಿನ ಮೇಲೆ ಕಸಿ ಕಟ್ಟುವವರಿಗೆ ಇದು ಹೊಸ ಮಾತಲ್ಲ. ಆ ಡಾಗ್ರಿಜ್ ಕೂಡ ಅಮೇರಿಕೆಯ ಬಳ್ಳಿಯೇ.

ಒಬ್ಬ ಮಾಸ್ತರರ ಕೆಲಸ

ಬಾರ್ಬರೆಸ್ಕೋದ ದ್ರಾಕ್ಷಿಗೆ ಮೊದಲು ಸ್ವಂತ ಹೆಸರೇ ಇರಲಿಲ್ಲ. ನೆರೆಯ ಬಾರೋಲೋ ಊರಿನ ವೈನು ರಾಜಮನೆತನದ ಆಶ್ರಯ ಪಡೆದು ಪ್ರಸಿದ್ಧವಾಗಿತ್ತು. ಬಾರ್ಬರೆಸ್ಕೋದ ಒಕ್ಕಲಿಗರ ಮಾಲು ವ್ಯಾಪಾರಿಗಳ ಕೈ ಸೇರಿ ಬಾರೋಲೋದಲ್ಲಿ ಬೆರೆಯುತ್ತಿತ್ತು, ಇಲ್ಲವೆ ಬರಿಯ ನೆಬ್ಬಿಯೋಲೋ ಎಂದು ಮಾರಾಟವಾಗುತ್ತಿತ್ತು. ದುಡಿಮೆ ಒಬ್ಬರದು, ಹೆಸರು ಇನ್ನೊಬ್ಬರದು.

ಆಲ್ಬಾ ಪೇಟೆಯಲ್ಲಿ 1881ರಲ್ಲಿ ವೈನ್ ವಿದ್ಯೆಯ ಸರಕಾರೀ ಶಾಲೆ ಹುಟ್ಟಿತು. ಅದರ ಮುಖ್ಯಸ್ಥರಾಗಿ ಬಂದವರು ದೊಮಿತ್ಸಿಯೋ ಕವಾತ್ಸಾ. ಬೇರೆ ಸೀಮೆಯಿಂದ ಬಂದ ಈ ಮಾಸ್ತರರು ಶಾಲೆಯ ಪಾಠದಿಂದಲೇ ತೃಪ್ತರಾಗಲಿಲ್ಲ. ಬಾರ್ಬರೆಸ್ಕೋದಲ್ಲಿ ಕೋಟೆಮನೆಯನ್ನೂ ಭೂಮಿಯನ್ನೂ ಕೊಂಡು ತಾವೇ ಒಕ್ಕಲಿಗರಾದರು. 1894ರಲ್ಲಿ ಊರಿನ ಒಂಬತ್ತು ಜನ ತೋಟದವರನ್ನು ಕೂಡಿಸಿ, ತಮ್ಮ ಕೋಟೆಮನೆಯಲ್ಲಿಯೇ ಎಲ್ಲರ ದ್ರಾಕ್ಷಿಯನ್ನು ಒಟ್ಟಿಗೆ ಹಾಕಿ ವೈನ್ ಮಾಡಿಸಿದರು. ಅದಕ್ಕೆ ಊರಿನ ಹೆಸರನ್ನೇ ಇಟ್ಟರು. ನಮ್ಮ ಗದುಗಿನ ಬದಿಯ ಕಣಗಿನಹಾಳದಲ್ಲಿ ಸಹಕಾರಿ ಪತ್ತಿನ ಸಂಘ ಹುಟ್ಟಿದ್ದು 1905ರಲ್ಲಿ. ಅದಕ್ಕಿಂತ ಹನ್ನೊಂದು ವರ್ಷ ಹಿಂದಿನ ಮಾತು ಇದು. ಶಾಲೆಯಲ್ಲಿ ಕಲಿಸಿದ್ದನ್ನು ಹೊಲದಲ್ಲಿ ಮಾಡಿ ತೋರಿಸುವ ಮಾಸ್ತರನು ಊರಿಗೆ ಏನು ಮಾಡಬಲ್ಲನೆಂಬುದಕ್ಕೆ ಕವಾತ್ಸಾ ಅವರೇ ಸಾಕ್ಷಿ. ಬಾರ್ಬರೆಸ್ಕೋ ವೈನಿನ ಜನಕರೆಂದು ಅವರನ್ನು ಇಂದಿಗೂ ನೆನೆಯುವರು.

ಅವರು 1913ರಲ್ಲಿ ತೀರಿಕೊಂಡರು. ಮುಂದೆ ಮಹಾಯುದ್ಧ ಬಂತು. ಫ್ಯಾಸಿಸ್ಟ್ ಆಡಳಿತದ ಕಾಲದಲ್ಲಿ ಸಂಘದ ಬಾಗಿಲು ಮುಚ್ಚಿತು. ಒಕ್ಕಲಿಗರು ಮತ್ತೆ ಗಾಡಿಯಲ್ಲಿ ದ್ರಾಕ್ಷಿ ಹೇರಿಕೊಂಡು ವ್ಯಾಪಾರಿಯ ಬಾಗಿಲಿಗೆ ಹೋಗುವ ಹಾಗಾಯಿತು.

1958: ಹತ್ತೊಂಬತ್ತು ಮನೆಗಳು

ಎರಡನೆಯ ಮಹಾಯುದ್ಧದ ತರುವಾಯ ಲಾಂಗೆ ಸೀಮೆಯ ಸ್ಥಿತಿ ಕಠಿಣವಾಗಿತ್ತು. ಆಲ್ಬಾದಲ್ಲಿಯೇ ಹುಟ್ಟಿದ ಬೆಪ್ಪೆ ಫೆನೋಲ್ಯೋ ಎಂಬ ಲೇಖಕರು 1954ರಲ್ಲಿ ಪ್ರಕಟಿಸಿದ 'ಲಾ ಮಲೋರಾ' ಎಂಬ ಕಾದಂಬರಿಗೆ ಈ ಗುಡ್ಡಗಳ ಬಡ ಒಕ್ಕಲು ಮಕ್ಕಳ ಬಾಳೇ ವಸ್ತು. ತೋರಿನೋ ನಗರದಲ್ಲಿ ಮೋಟಾರು ಕಾರ್ಖಾನೆ, ಆಲ್ಬಾದಲ್ಲಿ 1946ರಲ್ಲಿ ಹುಟ್ಟಿದ ಫೆರೇರೋ ಎಂಬ ಮಿಠಾಯಿಯ ಕಾರ್ಖಾನೆ. ತಿಂಗಳಿಗೆ ಸರಿಯಾಗಿ ಸಂಬಳ ಸಿಗುವ ಆ ಕಡೆಗೆ ತರುಣರು ಹೊರಟರು. ಗುಡ್ಡದ ಮೇಲಿನ ತೋಟದಲ್ಲಿ ಮುದುಕರು ಉಳಿದರು.

ಆಗ ಬಾರ್ಬರೆಸ್ಕೋದ ಇಗರ್ಜಿಯ ಪಾದ್ರಿ ದೋನ್ ಫಿಯೊರೀನೋ ಮಾರೆಂಗೋ ಅವರು ಊರಿನ ಸಣ್ಣ ಹಿಡುವಳಿದಾರರನ್ನು ಕರೆದರು. ಒಬ್ಬೊಬ್ಬರಾಗಿ ನಿಂತರೆ ಯಾರೂ ಉಳಿಯುವದಿಲ್ಲ, ಕೂಡಿ ನಿಂತರೆ ತೋಟವೂ ಉಳಿಯುವದು ಮಕ್ಕಳೂ ಉಳಿಯುವರು ಎಂಬುದು ಅವರ ವಿಚಾರ. 1958ರಲ್ಲಿ ಹತ್ತೊಂಬತ್ತು ಜನ ಒಕ್ಕಲಿಗರು ಸೇರಿ ಸಂಘ ಕಟ್ಟಿದರು. ಅದಕ್ಕೆ 'ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೋ', ಅಂದರೆ 'ಬಾರ್ಬರೆಸ್ಕೋದ ಬೆಳೆಗಾರರು' ಎಂದೇ ಹೆಸರು. ಕಟ್ಟಡಕ್ಕೆ ಹಣವಿಲ್ಲ, ಮೊದಲ ಮೂರು ವರ್ಷದ ವೈನನ್ನು ಇಗರ್ಜಿಯ ನೆಲಮಾಳಿಗೆಯಲ್ಲಿಯೇ ಮಾಡಿದರು. ತರುವಾಯ ಎದುರಿಗೇ, ಚೌಕದ ಆಚೆ ಬದಿಗೆ, ಸ್ವಂತದ ಕೋಠಿ ಕಟ್ಟಿದರು. ಇಂದಿಗೂ ಸಂಘ ಅಲ್ಲಿಯೇ ಇದೆ.

ಸದ್ಯ ಆ ಸಂಘದಲ್ಲಿ 50ಕ್ಕೂ ಹೆಚ್ಚು ಸಭಾಸದರಿರುವರು. ಅವರೆಲ್ಲರ ತೋಟ ಕೂಡಿ 100 ಹೆಕ್ಟೇರಿಗಿಂತ ತುಸು ಹೆಚ್ಚು, ಅಂದರೆ 250 ಎಕರೆಯ ಮೇಲೆ. ಸರಾಸರಿ ತೆಗೆದರೆ ಒಂದು ಮನೆಗೆ ಐದು ಎಕರೆ. ಇಂಥ ಸಣ್ಣ ಒಕ್ಕಲಿಗರು ಕೂಡಿ ವರ್ಷಕ್ಕೆ ಸುಮಾರು ಐದು ಲಕ್ಷ ಬಾಟಲಿ ವೈನ್ ಮಾಡಿ ದೇಶವಿದೇಶಗಳಿಗೆ ಕಳಿಸುತ್ತಿರುವರು.

ಸಂಘದ ಕಟ್ಟುಗಳು

ಸಹಕಾರಿ ಸಂಘ ಕಟ್ಟುವದು ಕಷ್ಟವಲ್ಲ, ಅದನ್ನು ಕೆಡದಂತೆ ಇಡುವದು ಕಷ್ಟ. ಇಟಲಿಯಲ್ಲಿ ಸಹಕಾರಿ ವೈನ್ ಕೋಠಿಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಬಹಳಷ್ಟು ಕೋಠಿಗಳು ತೂಕ ನೋಡಿ ಹಣ ಕೊಟ್ಟವು. ತೂಕಕ್ಕೆ ಹಣವೆಂದ ಮೇಲೆ ಒಕ್ಕಲಿಗನು ನೀರು ಗೊಬ್ಬರ ಹೆಚ್ಚಿಗೆ ಹಾಕಿ ಗೊಂಚಲು ಹೆಚ್ಚಿಸುವನು; ರಸ ತೆಳುವಾಗುವದು, ವೈನು ನೀರಾಗುವದು. ಹೀಗೆ ತಯಾರಾದ ಗಿರಾಕಿಯಿಲ್ಲದ ವೈನನ್ನು 1970 ಹಾಗೂ 1980ರ ದಶಕಗಳಲ್ಲಿ ಐರೋಪ್ಯ ಸಮುದಾಯವು ಬೊಕ್ಕಸದ ಹಣ ಕೊಟ್ಟು ಬಟ್ಟಿಗೆ ಕಳಿಸಬೇಕಾಯಿತು.

ಬಾರ್ಬರೆಸ್ಕೋದವರು ಮಾಡಿದ ಕಟ್ಟುಗಳು ಬೇರೆ.

ಮೊದಲನೆಯದು: ಸಭಾಸದನು ತನ್ನ ನೆಬ್ಬಿಯೋಲೋ ದ್ರಾಕ್ಷಿಯನ್ನೆಲ್ಲ ಸಂಘಕ್ಕೇ ಹಾಕತಕ್ಕದ್ದು. ಒಳ್ಳೆಯ ಹಂಗಾಮಿನಲ್ಲಿ ಚೊಲೋ ಮಾಲು ವ್ಯಾಪಾರಿಗೆ, ಕೆಟ್ಟ ಹಂಗಾಮಿನಲ್ಲಿ ಉಳಿದ ಕಸ ಸಂಘಕ್ಕೆ ಎಂಬ ಚಾಳಿಗೆ ಇದರಿಂದ ಬಾಗಿಲು ಮುಚ್ಚಿತು. ಸಹಕಾರಿ ಸಂಘಗಳು ಮುಳುಗುವದು ಹೆಚ್ಚಾಗಿ ಈ ತೂತಿನಿಂದಲೇ ಎಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು: ಬರಿಯ ತೂಕವಲ್ಲ, ಗುಣ ನೋಡಿ ಹಣ. ಹಣ್ಣಿನಲ್ಲಿ ಸಕ್ಕರೆಯ ಅಂಶವೆಷ್ಟು, ಗೊಂಚಲು ಆರೋಗ್ಯವಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸಿ ಧಾರಣೆ ಕಟ್ಟುವರು. ಕಡಿಮೆ ಬೆಳೆದು ಚೊಲೋ ಬೆಳೆದವನಿಗೆ ಇಲ್ಲಿ ಲುಕ್ಸಾನಿಲ್ಲ.

ಮೂರನೆಯದು: ಉತ್ತಮ ಹೊಲಗಳ ಮಾಲು ಬೇರೆ. ಸಂಘದ ಸಭಾಸದರಿಗೆ ಒಂಬತ್ತು ಪ್ರಸಿದ್ಧ ಹೊಲಗಳಲ್ಲಿ ಪಾಲಿದೆ. ಆಜಿಲಿ, ರಬಾಯಾ, ಒವೆಲ್ಲೋ, ಮೊಂತೆಸ್ತೆಫಾನೋ, ಪೋರಾ ಮುಂತಾದವು ಅವುಗಳ ಹೆಸರು. ಒಳ್ಳೆಯ ವರ್ಷ ಬಂದಾಗ ಒಂದೊಂದು ಹೊಲದ ವೈನನ್ನು ಬೇರೆ ಬೇರೆಯಾಗಿ ಬಾಟಲಿಗೆ ತುಂಬಿ, ಹೊಲದ ಹೆಸರನ್ನೂ ಆ ಹೊಲದ ಒಡೆಯರ ಹೆಸರನ್ನೂ ಬಾಟಲಿಯ ಮೇಲೆ ಅಚ್ಚು ಹಾಕುವರು. ನ್ಯೂಯಾರ್ಕಿನ ಅಂಗಡಿಯಲ್ಲಿ ಬಾಟಲಿ ಕೊಂಡವನು ಅದನ್ನು ತಿರುಗಿಸಿ ನೋಡಿದರೆ ಅಲ್ಲಿ ಐದೆಕರೆಯ ಒಕ್ಕಲಿಗನ ಹೆಸರು ಓದಬಹುದು. ಮಣ್ಣಿನಲ್ಲಿ ದುಡಿದವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು?

ವೈನ್ ಆಗುವ ಬಗೆ

ವೈದ್ಯರು ಕೊಡುವ ದ್ರಾಕ್ಷಾಸವವನ್ನು ಕಂಡವರಿಗೆ ಹುದುಗಿನ ವಿದ್ಯೆ ಪೂರ್ತಿ ಅಪರಿಚಿತವಲ್ಲ. ಕೊಯ್ದ ಗೊಂಚಲಿನ ದೇಟು ಬಿಡಿಸಿ ಕಾಳುಗಳನ್ನು ಒಡೆದು ದೊಡ್ಡ ತೊಟ್ಟಿಗೆ ಹಾಕುವರು. ರಸ, ತಿರುಳು, ಸಿಪ್ಪೆ, ಬೀಜ ಎಲ್ಲವೂ ಒಟ್ಟಿಗೆ. ಯೀಸ್ಟ್ ಎಂಬ ಕಣ್ಣಿಗೆ ಕಾಣದ ಹುದುಗಿನ ಜೀವಿಯು ಹಣ್ಣಿನ ಸಕ್ಕರೆ ತಿಂದು ಅದನ್ನು ಮದ್ಯಸಾರವಾಗಿಯೂ ಇಂಗಾಲಾಮ್ಲ ವಾಯುವಾಗಿಯೂ ಮಾಡುವದು. ಲೆಕ್ಕ ಹೀಗಿದೆ: ಒಂದು ಲೀಟರು ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇದ್ದರೆ ವೈನಿನಲ್ಲಿ ನೂರಕ್ಕೆ ಒಂದು ಪಾಲು ಮದ್ಯಸಾರ ಬರುವದು. ನೂರಕ್ಕೆ 14 ಪಾಲು ಬೇಕಾದರೆ ಲೀಟರಿಗೆ 238 ಗ್ರಾಂ ಸಕ್ಕರೆ ಬೇಕು. ಆ ಸಕ್ಕರೆ ಚೀಲದಿಂದ ಬರತಕ್ಕದ್ದಲ್ಲ. ಇಟಲಿಯ ಕಾಯಿದೆಯಂತೆ ವೈನಿಗೆ ಸಕ್ಕರೆ ಹಾಕುವದು ನಿಷಿದ್ಧ. ಬಿಸಿಲಿನಿಂದಲೇ ಬರಬೇಕು.

ಬಣ್ಣವೂ ಒಗರೂ ಬರುವದು ಸಿಪ್ಪೆ ಹಾಗೂ ಬೀಜದಿಂದ. ಆದ್ದರಿಂದ ಕೆಂಪು ವೈನಿನ ರಸವನ್ನು ವಾರಗಟ್ಟಲೆ ಸಿಪ್ಪೆಯ ಸಂಗಡ ಬಿಡುವರು. ನೆಬ್ಬಿಯೋಲೋದ ಬಣ್ಣ ತಿಳಿಯಾದರೂ ಒಗರು ಬಹಳ. ಎಳೆಯ ವೈನು ನೇರಳೆಹಣ್ಣಿನಂತೆ ನಾಲಿಗೆ ಹಿಡಿಯುವದು. ಈ ಒಗರನ್ನು ಮಣಿಸಲು ಕಾಲವೊಂದೇ ಮದ್ದು. ಅದಕ್ಕೆಂದೇ ಕಾಯಿದೆಯು ಬಾರ್ಬರೆಸ್ಕೋವನ್ನು ಕಡಿಮೆಯೆಂದರೆ 26 ತಿಂಗಳು ಇಟ್ಟು, ಅದರಲ್ಲಿ 9 ತಿಂಗಳಾದರೂ ಕಟ್ಟಿಗೆಯ ಪೀಪಾಯಿಯಲ್ಲಿಟ್ಟು ಮಾರಬೇಕೆಂದು ವಿಧಿಸಿದೆ. 'ರಿಸೆರ್ವಾ' ಎಂದು ಬರೆಯಬೇಕಾದರೆ 50 ತಿಂಗಳು. ನೆರೆಯ ಬಾರೋಲೋಗೆ 38 ತಿಂಗಳು, ಅದರಲ್ಲಿ ಕಟ್ಟಿಗೆಯಲ್ಲಿ 18.

ಇಲ್ಲಿಯೇ ಸಣ್ಣ ಒಕ್ಕಲಿಗನ ತೊಡಕು. ಎರಡು ವರ್ಷ ಮಾಲು ಕೋಠಿಯಲ್ಲಿ ಕೂತರೆ ಮನೆ ನಡೆಯುವದು ಹೇಗೆ? ಪೀಪಾಯಿ, ನೆಲಮಾಳಿಗೆ, ಬಾಟಲಿ ಎಲ್ಲಕ್ಕೂ ಭಾಂಡವಲು ಬೇಕು. ಸಂಘವು ಈ ಭಾರ ಹೊರುವದು. ಅಲ್ಲದೆ ಒಂದಿಷ್ಟು ದ್ರಾಕ್ಷಿಯಿಂದ 'ಲಾಂಗೆ ನೆಬ್ಬಿಯೋಲೋ' ಎಂಬ ಕಿರಿಯ ವೈನ್ ಮಾಡಿ ಬೇಗನೆ ಪೇಟೆಗೆ ಬಿಡುವದರಿಂದ ಕೈಯಲ್ಲಿ ಹಣ ಓಡಾಡುವದು.

ಒಂದು ಬಾಟಲಿಯ ಲೆಕ್ಕ

ಕಾಯಿದೆಯ ಮೇರೆಗೆ ಬಾರ್ಬರೆಸ್ಕೋದ ಒಂದು ಹೆಕ್ಟೇರಿಗೆ 8 ಟನ್ನಿಗಿಂತ ಹೆಚ್ಚು ದ್ರಾಕ್ಷಿ ತೆಗೆಯಕೂಡದು. ಎಕರೆಗೆ ಹಾಕಿದರೆ 32 ಕ್ವಿಂಟಲ್ ಆಯಿತು. ಎಕರೆಗೆ 10 ಟನ್ ತಿನ್ನುವ ದ್ರಾಕ್ಷಿ ತೆಗೆಯುವ ನಮ್ಮ ಬದಿಯ ಒಕ್ಕಲಿಗನಿಗೆ ಇದು ನಗೆಯ ಸಂಗತಿಯಾದೀತು. ಆದರೆ ಅವರು ಬೇಸಿಗೆಯಲ್ಲಿ ಬಳ್ಳಿಯ ಮೇಲಿನ ಹಸಿರು ಗೊಂಚಲುಗಳನ್ನೂ ಕಡಿದು ನೆಲಕ್ಕೆ ಚೆಲ್ಲುವರು. ಉಳಿದ ಗೊಂಚಲಿಗೆ ಬಳ್ಳಿಯ ಸಾರವೆಲ್ಲ ಸೇರಲೆಂದು.

ನೂರು ಕಿಲೋ ದ್ರಾಕ್ಷಿಯಿಂದ ಹೆಚ್ಚೆಂದರೆ 70 ಲೀಟರು ವೈನ್. ಒಂದು ಬಾಟಲಿಗೆ ಮುಕ್ಕಾಲು ಲೀಟರು. ಅಂದ ಮೇಲೆ ಒಂದು ಬಾಟಲಿಗೆ ಒಂದು ಕಿಲೋಕ್ಕಿಂತ ತುಸು ಹೆಚ್ಚು ದ್ರಾಕ್ಷಿ ಬೇಕು, ಎಕರೆಗೆ ಸುಮಾರು 3,000 ಬಾಟಲಿ. ಇನ್ನು ಇಳಿಜಾರಿನಲ್ಲಿ ಕೈಯಿಂದಲೇ ಕೊಯ್ಲು, ಎರಡು ವರ್ಷದ ಸಂಗ್ರಹ, ಆವಿಯಾಗಿ ಹೋಗುವ ಭಾಗ. ಇವೆಲ್ಲ ಖರ್ಚು ಸೇರಿದ ಮೇಲೆ ಬಾರ್ಬರೆಸ್ಕೋ ತೀರ ಅಗ್ಗವಾಗುವದು ಸಾಧ್ಯವಿಲ್ಲ. ತೀರ ಅಗ್ಗಕ್ಕೆ ಬಂದರೆ ಸಂಶಯಪಡಬೇಕು. 'ಹಣಕ್ಕೆ ತಕ್ಕ' ಎಂದರೆ 'ಅಗ್ಗ' ಎಂದಲ್ಲ. ಕೊಟ್ಟ ಹಣದಲ್ಲಿ ಹೆಚ್ಚಿನ ಪಾಲು ಹೊಲಕ್ಕೂ ಮಾಲಿಗೂ ಹೋಗಿ, ಕಡಿಮೆ ಪಾಲು ಜಾಹಿರಾತಿಗೂ ಡೌಲಿಗೂ ಹೋದದ್ದು ಎಂದು ಅರ್ಥ.

ಹಳೆಯ ಪದ್ಧತಿ, ಹೊಸ ಪದ್ಧತಿ

ಅದೇ ಊರಿನ ಆಂಜೆಲೋ ಗಾಯಾ ಎಂಬವರು 1961ರಿಂದ ತಮ್ಮ ಮನೆತನದ ಕೋಠಿ ನೋಡಿಕೊಂಡು ಬಾರ್ಬರೆಸ್ಕೋದ ಹೆಸರನ್ನು ಜಗತ್ತಿಗೆ ಹಬ್ಬಿಸಿದರು. ಫ್ರಾನ್ಸಿನ ಮಾದರಿಯ 225 ಲೀಟರಿನ ಸಣ್ಣ ಹೊಸ ಪೀಪಾಯಿಗಳನ್ನು ತರಿಸಿದವರಲ್ಲಿ ಅವರು ಮೊದಲಿಗರು. ಸಣ್ಣ ಪೀಪಾಯಿಯಲ್ಲಿ ವೈನಿಗೆ ಕಟ್ಟಿಗೆಯ ಸೋಂಕು ಹೆಚ್ಚು. ಒಗರು ಬೇಗ ಮಣಿಯುವದು, ಓಕ್ ಮರದ ಸುವಾಸನೆ ಎದ್ದು ಕಾಣುವದು. ಹಳೆಯ ಪದ್ಧತಿಯವರ ಪೀಪಾಯಿಯಾದರೋ ಆಳೆತ್ತರದ್ದು, ಸಾವಿರಾರು ಲೀಟರು ಹಿಡಿಯುವಂತಹದು, ಹತ್ತಾರು ವರ್ಷ ಬಾಳುವಂತಹದು. ಅದರಲ್ಲಿ ಕಟ್ಟಿಗೆಯ ವಾಸನೆ ಏಳುವದಿಲ್ಲ, ಹಣ್ಣು ಹಾಗೂ ಮಣ್ಣಿನ ಗುಣವೇ ಉಳಿಯುವದು.

1980 ಹಾಗೂ 1990ರ ದಶಕಗಳಲ್ಲಿ ಈ ಎರಡು ಪಕ್ಷಗಳ ನಡುವೆ ದೊಡ್ಡ ವಾದ ನಡೆಯಿತು. ಬಾರೋಲೋದ ಎಲಿಯೋ ಆಲ್ತಾರೆ ಎಂಬ ತರುಣರು 1983ರಲ್ಲಿ ತಂದೆಯ ಹಳೆಯ ಪೀಪಾಯಿಗಳನ್ನು ಯಂತ್ರದ ಗರಗಸದಿಂದ ಕೊಯ್ದು ಹಾಕಿದರು. ತಂದೆ ಮಗನ ಸಂಬಂಧವೇ ಕಡಿಯಿತು. ಮುಂದೆ ಎರಡೂ ಪಕ್ಷದವರು ಒಬ್ಬರಿಂದೊಬ್ಬರು ಕಲಿತರು. ಕೋಠಿಯ ಚೊಕ್ಕಟತನವನ್ನೂ ತೋಟದ ಎಚ್ಚರವನ್ನೂ ಹಳಬರು ಒಪ್ಪಿಕೊಂಡರು. ದೊಡ್ಡ ಪೀಪಾಯಿಯ ಹಿರಿಮೆಯನ್ನು ಹೊಸಬರಲ್ಲಿ ಅನೇಕರು ಒಪ್ಪಿಕೊಂಡರು. ಬಾರ್ಬರೆಸ್ಕೋದ ಸಂಘವು ದೊಡ್ಡ ಪೀಪಾಯಿಯನ್ನು ಬಿಡಲಿಲ್ಲ. ವರ್ಷ ವರ್ಷ ಹೊಸ ಸಣ್ಣ ಪೀಪಾಯಿ ಕೊಳ್ಳುವ ಖರ್ಚು ಅದಕ್ಕಿಲ್ಲ. ಬೆಲೆ ಹಿಡಿತದಲ್ಲಿರಲು ಇದೂ ಒಂದು ಕಾರಣ.

ಹೆಸರು ಕೆಡುವ ಬಗೆ

ಊರಿನ ಹೆಸರು ಗಳಿಸಲು ಮೂರು ತಲೆಮಾರು ಬೇಕು, ಕಳೆಯಲು ಮೂರು ಹಂಗಾಮು ಸಾಕು. ತೊಸ್ಕಾನಾ ಪ್ರಾಂತದ ಕಿಯಾಂತಿ ವೈನಿನ ಗಡಿಯನ್ನು 1716ರಲ್ಲಿಯೇ ಅಲ್ಲಿನ ದೊರೆ ಮೂರನೆಯ ಕೊಸಿಮೋ ಗೊತ್ತು ಮಾಡಿದ್ದನು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಆ ಹೆಸರನ್ನು ಸುತ್ತಲಿನ ಬಹು ವಿಶಾಲ ಸೀಮೆಗೆ ಹಬ್ಬಿಸಿದರು. 1967ರ ನಿಯಮವು ಕೆಂಪು ವೈನಿಗೆ ಬಿಳಿ ದ್ರಾಕ್ಷಿ ಬೆರೆಸಲು ಒಪ್ಪಿಗೆ ಕೊಟ್ಟಿತು. ಹುಲ್ಲು ಹೆಣೆದ ಹೊಟ್ಟೆಬಾಟಲಿಯಲ್ಲಿ ತೆಳು ವೈನು ತುಂಬಿ ಲೋಕಕ್ಕೆಲ್ಲ ಮಾರಿದರು. ಕಿಯಾಂತಿ ಎಂದರೆ ಅಗ್ಗದ ಮಾಲು ಎಂಬ ಅಪಕೀರ್ತಿ ಬಂತು. ಹಳೆಯ ಗಡಿಯ ಒಳಗಿನ 'ಕಿಯಾಂತಿ ಕ್ಲಾಸಿಕೋ' ಒಕ್ಕಲಿಗರು ಕರಿ ಹುಂಜದ ಮುದ್ರೆಯ ಕೆಳಗೆ ಕೂಡಿ ಹೆಸರನ್ನು ಮರಳಿ ಕಟ್ಟಬೇಕಾಯಿತು. 2006ರಿಂದ ಬಿಳಿ ದ್ರಾಕ್ಷಿ ಬೆರೆಸುವದನ್ನೇ ನಿಷೇಧಿಸಿದರು.

ಇದಕ್ಕಿಂತ ಘೋರವಾದದ್ದು 1986ರ ಘಟನೆ. ಬಾರ್ಬರೆಸ್ಕೋ ಇರುವ ಕೂನೆಯೋ ಜಿಲ್ಲೆಯಲ್ಲಿಯೇ ಅಗ್ಗದ ವೈನಿಗೆ ಬಲ ಬರಿಸಲು ಮಿಥೈಲ್ ಮದ್ಯಸಾರ ಬೆರೆಸಿದ ಮಾಲು ಪೇಟೆಗೆ ಬಂತು. ಅದು ಕಣ್ಣು ಕಳೆಯುವ, ಪ್ರಾಣ ತೆಗೆಯುವ ವಿಷ. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಇನ್ನು ಕೆಲವರು ಕುರುಡರಾದರು. ಇಟಲಿಯ ವೈನ್ ಎಂದರೆ ಹೊರದೇಶಗಳು ಬಾಗಿಲು ಮುಚ್ಚಿದವು. ಒಂದು ಹನಿಯನ್ನೂ ಬೆರೆಸದ ಪ್ರಾಮಾಣಿಕ ಒಕ್ಕಲಿಗರ ಮಾಲೂ ಮಾರಾಟವಾಗದೆ ಉಳಿಯಿತು. ಕಳ್ಳಭಟ್ಟಿಯಿಂದ ಮನೆ ಹಾಳಾದದ್ದನ್ನು ಕಂಡ ನಮ್ಮ ಹಳ್ಳಿಗಳಿಗೆ ಈ ಸಂಕಟ ತಿಳಿಯದ್ದಲ್ಲ. ಆ ಬಳಿಕ ಇಟಲಿಯಲ್ಲಿ ತಪಾಸಣೆ ಬಿಗಿಯಾಯಿತು. ಗಿರಾಕಿಗಳೂ ಯಾರು ಬೆಳೆದರು, ಯಾರು ತುಂಬಿದರು ಎಂದು ಕೇಳತೊಡಗಿದರು.

ಗಿರಾಕಿ ನೋಡತಕ್ಕ ಸಂಗತಿಗಳು

ಇಟಲಿಗೋ ಬೇರೆ ದೇಶಕ್ಕೋ ಕೆಲಸಕ್ಕೆಂದು ಹೋದ ನಮ್ಮ ಮಕ್ಕಳಿಗೂ, ಮಾಲಿನ ಪರೀಕ್ಷೆ ಹೇಗೆಂಬ ಕುತೂಹಲವುಳ್ಳ ಎಲ್ಲರಿಗೂ, ತಿಳಿದವರು ನೋಡುವ ಗುರುತುಗಳನ್ನು ಇಲ್ಲಿ ಕೊಟ್ಟಿದ್ದೇವೆ.

1) ಮುದ್ರೆ. ಇಟಲಿಯ ಸರಕಾರವು 1963ರ ಕಾಯಿದೆಯಿಂದ ವೈನುಗಳಿಗೆ ಊರು-ಸೀಮೆಯ ಹೆಸರಿನ ಹಕ್ಕು ಕೊಟ್ಟಿದೆ. 'ಡಿ.ಓ.ಸಿ.' ಎಂದರೆ ಗೊತ್ತಾದ ಸೀಮೆ, ಗೊತ್ತಾದ ಜಾತಿ, ಗೊತ್ತಾದ ಪದ್ಧತಿ. 'ಡಿ.ಓ.ಸಿ.ಜಿ.' ಅದಕ್ಕೂ ಬಿಗಿಯಾದದ್ದು. ಬಾಟಲಿಯ ಕೊರಳಿಗೆ ಸರಕಾರದ ಟಂಕಸಾಲೆಯಲ್ಲಿ ಅಚ್ಚಾದ, ಅಂಕಿಯಿದ್ದ ಕಾಗದದ ಪಟ್ಟಿ ಇರುವದು. ಬಾರ್ಬರೆಸ್ಕೋಗೆ ಮೊದಲನೆಯದು 1966ರಲ್ಲಿ, ಎರಡನೆಯದು 1980ರಲ್ಲಿ ದೊರೆಯಿತು. ಆದರೆ ಮುದ್ರೆಯು ಮೂಲವನ್ನು ಹೇಳುವದು, ಮಾಡಿದವನ ಕೈಗುಣವನ್ನಲ್ಲ.

2) ತುಂಬಿದವರು ಯಾರು. 'ಇಂಬೊತ್ತಿಲ್ಯಾತೋ ಆಲ್ಲೊರೀಜಿನೆ' ಎಂದಿದ್ದರೆ ಬೆಳೆದವರೇ ಅಥವಾ ಬೆಳೆದವರ ಸಂಘವೇ ಮೂಲದಲ್ಲಿ ತುಂಬಿದ್ದು. ಬರಿಯ 'ಇಂಬೊತ್ತಿಲ್ಯಾತೋ ದಾ' ಎಂದಿದ್ದರೆ ಬೇರೆಯವರಿಂದ ಕೊಂಡು ತುಂಬಿದ್ದಿರಬಹುದು.

3) ಒಳ್ಳೆಯ ಮನೆಯ ಕಿರಿಯ ವೈನು. ಹೆಸರಾದ ಕೋಠಿಯ 'ಲಾಂಗೆ ನೆಬ್ಬಿಯೋಲೋ' ಅದೇ ಬಳ್ಳಿಯದು, ಅದೇ ಕೈಯದು. ಬೆಲೆ ಮಾತ್ರ ಹಿರಿಯದಕ್ಕಿಂತ ಎಷ್ಟೋ ಕಡಿಮೆ.

4) ಕಳಾಹೀನ ವರ್ಷದ ಲಾಭ. ಮಳೆ ಆಲಿಕಲ್ಲಿನಿಂದ ಹಂಗಾಮು ಸಾಧಾರಣವಾದಾಗ ಬಾರ್ಬರೆಸ್ಕೋದ ಸಂಘವು ಒಂಬತ್ತು ಹೊಲಗಳ ವೈನನ್ನು ಬೇರೆ ಮಾಡದೆ ಎಲ್ಲವನ್ನೂ ಸಾದಾ ಬಾಟಲಿಯಲ್ಲಿಯೇ ಬೆರೆಸುವದು. ಅಂಥ ವರ್ಷದ ಸಾದಾ ಬಾಟಲಿಯಲ್ಲಿ ಉತ್ತಮ ಹೊಲದ ಮಾಲೂ ಇರುವದು. ಬಲ್ಲ ಗಿರಾಕಿ ಇದನ್ನು ತಪ್ಪಿಸಿಕೊಳ್ಳುವದಿಲ್ಲ.

5) ನೆರಳಿನಲ್ಲಿರುವ ಊರುಗಳು. ನೆಬ್ಬಿಯೋಲೋ ಬಳ್ಳಿಯೇ ಉತ್ತರ ಪಿಯೆಮೊಂತೆಯ ಗತ್ತಿನಾರಾ, ಗೆಮ್ಮೆ, ಕರೇಮಾ ಊರುಗಳಲ್ಲಿಯೂ ಇದೆ. ಕಲ್ಲಿನ ಒಡ್ಡು ಕಟ್ಟಿ ಬೆಟ್ಟದ ಮೇಲೆ ಬೆಳೆಯುವ ಕರೇಮಾದಲ್ಲಿಯೂ 1960ರಿಂದ ಒಕ್ಕಲಿಗರ ಸಂಘವಿದೆ. ದಕ್ಷಿಣ ಇಟಲಿಯ ಆಲ್ಯಾನಿಕೋ ದೆಲ್ ವುಲ್ತುರೆ, ಸಾಲಿಚೆ ಸಾಲೆಂತೀನೋ ಕೂಡ ಹಳೆಯ ಹೆಸರುಗಳೇ. ಪ್ರಸಿದ್ಧಿ ಕಡಿಮೆಯಾದ್ದರಿಂದ ಬೆಲೆಯೂ ಕಡಿಮೆ.

6) ಹೆಸರಿನ ಗೊಂದಲ. 'ಮೊಂತೆಪುಲ್ಚಾನೋ ದಾಬ್ರುತ್ಸೋ' ಎಂಬಲ್ಲಿ ಮೊಂತೆಪುಲ್ಚಾನೋ ಎಂಬುದು ಬಳ್ಳಿಯ ಜಾತಿ. 'ವೀನೋ ನೋಬಿಲೆ ದಿ ಮೊಂತೆಪುಲ್ಚಾನೋ' ಎಂಬಲ್ಲಿ ಅದು ತೊಸ್ಕಾನಾದ ಒಂದು ಊರು, ಅಲ್ಲಿಯ ಬಳ್ಳಿ ಸಾಂಜೊವೇಸೆ. ಎರಡೂ ಬೇರೆ ಬೇರೆ ಮಾಲು.

7) ನಿತ್ಯದ್ದು ಬೇರೆ, ಹಬ್ಬದ್ದು ಬೇರೆ. ಪಿಯೆಮೊಂತೆಯ ಒಕ್ಕಲಿಗನ ಮನೆಯಲ್ಲಿ ದಿನದ ಊಟಕ್ಕೆ ದೊಲ್ಚೆತ್ತೋ, ಬಾರ್ಬೇರಾ ಎಂಬ ಸಾದಾ ಜಾತಿಗಳ ವೈನು. ನೆಬ್ಬಿಯೋಲೋ ಬಾಟಲಿ ಹಬ್ಬಕ್ಕೆ, ಬೀಗರು ಬಂದಾಗ. ಬೆಳೆದವನೇ ಪಾಲಿಸುವ ಈ ಮಿತವ್ಯಯವನ್ನು ಕೊಳ್ಳುವವನೂ ಪಾಲಿಸಬಹುದು.

8) ಸುಂಕ. ನಮ್ಮ ದೇಶವು ಹೊರನಾಡಿನ ವೈನಿನ ಮೇಲೆ ಬಹುಕಾಲ ನೂರಕ್ಕೆ 150ರಷ್ಟು ಆಮದು ಸುಂಕ ಹಾಕಿದ್ದರಿಂದ ಅಲ್ಲಿ ಹಣಕ್ಕೆ ತಕ್ಕದ್ದಾದ ಬಾಟಲಿ ಇಲ್ಲಿಯ ಅಂಗಡಿಯಲ್ಲಿ ಹಾಗೆ ಉಳಿಯಲಿಲ್ಲ.

ನಮ್ಮವರಿಗೆ ಉಪಯೋಗವೇನು?

ವೈನನ್ನು ಒತ್ತಟ್ಟಿಗಿಟ್ಟು ನೋಡಿದರೂ ಬಾರ್ಬರೆಸ್ಕೋದಿಂದ ಕಲಿಯತಕ್ಕದ್ದು ಇದೆ. ಮಣೂಕ ಮಾಡುವ ನಮ್ಮ ಒಕ್ಕಲಿಗನ ಮುಂದೆಯೂ ಅವೇ ಪ್ರಶ್ನೆಗಳಿವೆ. ಮಾಲನ್ನು ಧಾರಣೆ ಬರುವ ತನಕ ಇಡಲು ತಣ್ಣನೆಯ ಕೋಠಿ ಯಾರದು? ಹಸಿರು ಮಣೂಕಕ್ಕೂ ಕಂದು ಮಣೂಕಕ್ಕೂ, ತಪ್ಪಲು-ಕಡ್ಡಿ ತೆಗೆದದ್ದಕ್ಕೂ ತೆಗೆಯದ್ದಕ್ಕೂ ಬೇರೆ ಬೇರೆ ಧಾರಣೆ ಕಟ್ಟುವ ನಿಷ್ಪಕ್ಷಪಾತ ಕೈ ಯಾವುದು? ಪೊಟ್ಟಣದ ಮೇಲೆ ಊರಿನ ಹೆಸರು ಇದೆಯೋ, ಕೊಂಡವನ ಹೆಸರು ಮಾತ್ರ ಇದೆಯೋ? ಹತ್ತೊಂಬತ್ತು ಮನೆಗಳು ಒಂದು ನೆಲಮಾಳಿಗೆಯಲ್ಲಿ ಕೂಡಿ ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡವು. ಅವರ ಬಳಿ ಮೊದಲಿಗೆ ಹಣವಿರಲಿಲ್ಲ. ಇದ್ದದ್ದು ಮೂರು ಕಟ್ಟು. ಎಲ್ಲ ಮಾಲೂ ಸಂಘಕ್ಕೆ, ಗುಣಕ್ಕೆ ತಕ್ಕ ಹಣ, ಮಾಲಿನ ಮೇಲೆ ಬೆಳೆದವನ ಹೆಸರು.

ಈ ಮೂರು ಕಟ್ಟುಗಳನ್ನು ಪಾಲಿಸಲು ಇಟಲಿಯ ಮಣ್ಣೂ ಬೇಡ, ನೆಬ್ಬಿಯೋಲೋ ಬಳ್ಳಿಯೂ ಬೇಡ. ಬರುವ ಹಂಗಾಮಿನ ಚಾಟಣಿಗೆ ಮುಂಚೆ ನಾಲ್ಕು ಜನ ತೋಟದವರು ಒಂದು ಸಂಜೆ ಚಾವಡಿಯಲ್ಲಿ ಕೂತು ಇದನ್ನು ಚರ್ಚಿಸಲಿ. ನಾಲ್ಕು ಮನೆಯಿಂದ ಆರಂಭವಾದರೂ ಸಾಕು.